ಲಿಬಿಯಾದ ಗಾಯಕರು ಲಿಬಿಯಾದ ಹೊರಗೇ ಏಕೆ ಹೆಸರು ಮಾಡಿದರು?

ಲಿಬಿಯಾದ ಬಗ್ಗೆ ಕೆಲವು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗದ ಎರಡು ಬಗೆಯ ಸುದ್ದಿಗಳು ಬರುತ್ತಿವೆ. ಬರ್ಲಿನ್‌ನ ಹಬೀಬಿ ಫಂಕ್ ಎಂಬ ಸಣ್ಣ ಸಂಗೀತ ಸಂಸ್ಥೆ ಗಡಾಫಿ ಕಾಲದ ಲಿಬಿಯನ್ನರ ಹಾಡುಗಳನ್ನು ಹುಡುಕಿ ತೆಗೆದು ಮರುಬಿಡುಗಡೆ ಮಾಡುತ್ತಿದೆ. 2022ರಲ್ಲಿ ಹಮೀದ್ ಅಲ್ ಶಾಇರಿ ಅವರ 1980ರ ದಶಕದ ಹಾಡುಗಳು ಹೊರಬಂದವು. 2023ರಲ್ಲಿ ಇಬ್ರಾಹಿಂ ಹೆಸ್ನಾವಿ ಅವರ ರೆಗೆ (ಜಮೈಕಾ ಮೂಲದ ಸಂಗೀತ ಶೈಲಿ) ಹಾಡುಗಳು ಮತ್ತು ನಜೀಬ್ ಅಲ್ ಹೂಷ್ ಅವರ 'ಫ್ರೀ ಮ್ಯೂಸಿಕ್' ತಂಡದ ಧ್ವನಿಮುದ್ರಣಗಳು ಬಂದವು. ಯುರೋಪ್, ಅಮೆರಿಕಗಳ ಯುವಕರು ಇವನ್ನು ಹೊಸ ಸಂಗೀತವೆಂಬಂತೆ ಕೇಳುತ್ತಿದ್ದಾರೆ. ಇನ್ನೊಂದು ಸುದ್ದಿ 2024ರ ನವೆಂಬರ್‌ನದು. ರಾಜಧಾನಿ ಟ್ರಿಪೋಲಿಯ ಸರ್ಕಾರದ ಆಂತರಿಕ ಸಚಿವ ಇಮಾದ್ ತ್ರಾಬೆಲ್ಸಿ ಅವರು ನೈತಿಕ ಪೊಲೀಸ್ ಪಡೆಯನ್ನು ಬೀದಿಗಿಳಿಸುವುದಾಗಿ ಪ್ರಕಟಿಸಿದರು. ಹೆಣ್ಣುಮಕ್ಕಳ ಹಿಜಾಬ್, ಯುವಕರ ಕೇಶವಿನ್ಯಾಸ, ಕಾಫಿ ಅಂಗಡಿಗಳಲ್ಲಿ ಗಂಡು ಹೆಣ್ಣು ಬೆರೆಯುವುದು, ಸಾಮಾಜಿಕ ಜಾಲತಾಣಗಳಲ್ಲಿ ಹಾಕುವ ವಿಡಿಯೊ ಎಲ್ಲವೂ ಆ ಪಡೆಯ ಕಣ್ಗಾವಲಿಗೆ ಬರುತ್ತವೆ ಎಂಬುದು ಅವರ ಮಾತಿನ ಸಾರ.

ಕನ್ನಡದ ಓದುಗರಿಗೆ ಲಿಬಿಯಾ ಎಂದರೆ ನೆನಪಾಗುವುದು ಯುದ್ಧ, ತೈಲ, ಗಡಾಫಿ. 2015ರಲ್ಲಿ ಸಿರ್ತ್ ಬಳಿ ಕರ್ನಾಟಕದ ಇಬ್ಬರು ಅಧ್ಯಾಪಕರು ಅಪಹರಣಕ್ಕೊಳಗಾಗಿ ಬಿಡುಗಡೆಯಾದ ಸುದ್ದಿಯೂ ಕೆಲವರಿಗೆ ನೆನಪಿರಬಹುದು. ಆ ದೇಶಕ್ಕೆ ಪಾಪ್ ಸಂಗೀತವಿತ್ತು, ರೆಗೆ ಇತ್ತು ಎಂಬುದೇ ಹಲವರಿಗೆ ಅಚ್ಚರಿ. ಇಷ್ಟೆಲ್ಲ ಇದ್ದ ದೇಶದ ಗಾಯಕರ ಹೆಸರು ಜಗತ್ತಿಗೆ ಏಕೆ ಗೊತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಗೊತ್ತಿಲ್ಲವೆನ್ನುವುದು ಪೂರ್ತಿ ಸರಿಯಲ್ಲ. ಅವರಲ್ಲಿ ಹಲವರ ಹೆಸರು ಗೊತ್ತು. ಆದರೆ ಅವರು ಲಿಬಿಯಾದವರೆಂದು ಗೊತ್ತಿಲ್ಲ.

ಹುಟ್ಟೂರು ಒಂದು, ವೇದಿಕೆ ಮತ್ತೊಂದು

ಫ್ರಾಂಕೊ ಕಲಿಫಾನೊ ಹುಟ್ಟಿದ್ದು ಟ್ರಿಪೋಲಿಯಲ್ಲಿ, ಹೆಸರು ಮಾಡಿದ್ದು ರೋಮ್‌ನಲ್ಲಿ. ಹರ್ಬರ್ಟ್ ಪಗಾನಿ ಹುಟ್ಟಿದ್ದೂ ಟ್ರಿಪೋಲಿಯಲ್ಲೇ. ಅವರು ಹಾಡಿದ್ದು ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳಲ್ಲಿ. ಬೆಂಘಾಜಿಯ ಅಹ್ಮದ್ ಫಕ್ರೂನ್ ಅವರನ್ನು ಯುರೋಪ್ ಗುರುತಿಸಿದ್ದು ಪ್ಯಾರಿಸ್ ಮೂಲಕ. ಅದೇ ಊರಿನ ಹಮೀದ್ ಅಲ್ ಶಾಇರಿ ಕೈರೋದವರಾಗಿಬಿಟ್ಟರು. ಅಯ್ಮನ್ ಅಲ್ ಅತ್ತಾರ್ ಅವರಿಗೆ ಖ್ಯಾತಿ ಒಲಿದದ್ದು ಬೈರೂತ್‌ನ ಟಿವಿ ವೇದಿಕೆಯಲ್ಲಿ.

ಇದನ್ನು ಕೇವಲ ವಲಸೆ ಎಂದು ಬದಿಗಿಡುವಂತಿಲ್ಲ. ಪ್ರತಿಯೊಬ್ಬರೂ ಹೊರಗೆ ಬೆಳೆದದ್ದಕ್ಕೆ ಆಯಾ ಕಾಲದ ರಾಜಕೀಯದಲ್ಲಿ ಸ್ಪಷ್ಟ ಕಾರಣವಿದೆ. ಆ ಕಾರಣಗಳನ್ನು ಒಂದೊಂದಾಗಿ ನೋಡಿದರೆ ಇಂದಿನ ಸುದ್ದಿಯೂ ಅರ್ಥವಾಗುತ್ತದೆ.

ವಸಾಹತು ಕಾಲದ ಇಬ್ಬರು ಮಕ್ಕಳು

1911ರಲ್ಲಿ ಇಟಲಿ ಲಿಬಿಯಾದ ಮೇಲೆ ದಂಡೆತ್ತಿ ಬಂತು. 1930ರ ದಶಕದಲ್ಲಿ ಮುಸೊಲಿನಿ ಸರ್ಕಾರ ಅಲ್ಲಿಗೆ ಇಟಾಲಿಯನ್ ರೈತ ಕುಟುಂಬಗಳನ್ನು ಹಡಗುಗಳಲ್ಲಿ ಸಾಗಿಸಿತು. 1938ರ ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ ಸುಮಾರು 20,000 ಜನ ಹೊರಟರು. ಕಲಿಫಾನೊ ಹುಟ್ಟಿದ್ದು ಅದಕ್ಕೆ ಒಂದು ತಿಂಗಳ ಮೊದಲು. ತುಂಬು ಗರ್ಭಿಣಿ ತಾಯಿ ಪ್ರಯಾಣಿಸುತ್ತಿದ್ದ ವಿಮಾನ ಟ್ರಿಪೋಲಿಯಲ್ಲಿ ಇಳಿಯಬೇಕಾಯಿತು ಎಂಬ ಕಥೆ ಇಟಲಿಯಲ್ಲಿ ಪ್ರಚಲಿತ. ಲಿಬಿಯಾದೊಂದಿಗೆ ಅವರ ನಂಟು ಅಷ್ಟೇ. ಇಟಲಿಯ ಗಾಯಕಿ ಮಿಯಾ ಮಾರ್ಟಿನಿ ಹಾಡಿದ 'ಮಿನುಎತ್ತೊ' ಗೀತೆಯ ಸಾಹಿತ್ಯ ಅವರದು. 1977ರ 'ತುತ್ತೊ ಇಲ್ ರೆಸ್ತೊ ಎ ನೊಯಾ' ಅವರ ಗುರುತೇ ಆಗಿಹೋಯಿತು. 2013ರಲ್ಲಿ ಅವರು ತೀರಿಕೊಂಡಾಗ ರೋಮ್ ತನ್ನ ಊರಿನ ಕವಿಯನ್ನು ಕಳೆದುಕೊಂಡೆನೆಂದು ಮರುಗಿತು. ಅವರನ್ನು ಲಿಬಿಯಾದ ಗಾಯಕರ ಪಟ್ಟಿಗೆ ಸೇರಿಸುವುದು ಭೂಪಟದ ಲೆಕ್ಕಕ್ಕೆ ಸರಿ, ಸಂಗೀತದ ಲೆಕ್ಕಕ್ಕೆ ಅಲ್ಲ.

ಪಗಾನಿ ಅವರದು ಇನ್ನಷ್ಟು ನೋವಿನ ಕಥೆ. 1944ರಲ್ಲಿ ಟ್ರಿಪೋಲಿಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಯುರೋಪಿಗೆ ಬಂದು ದೇಶದಿಂದ ದೇಶಕ್ಕೆ ಅಲೆದು ಓದಿದರು. 1972ರ 'ಮೆಗಲೊಪೊಲಿಸ್' ಎಂಬ ಫ್ರೆಂಚ್ ಆಲ್ಬಮ್‌ನಲ್ಲಿ, ಕಾರ್ಖಾನೆ ಮತ್ತು ಮಾಲಿನ್ಯದಲ್ಲಿ ಮುಳುಗಿದ ನಾಳಿನ ಯುರೋಪನ್ನು ಹಾಡಾಗಿಸಿದರು. 1975ರಲ್ಲಿ ವಿಶ್ವಸಂಸ್ಥೆ ಜಿಯೋನಿಸಂ (ಯಹೂದಿ ರಾಷ್ಟ್ರವಾದ) ಅನ್ನು ಜನಾಂಗೀಯವಾದಕ್ಕೆ ಸಮೀಕರಿಸುವ ನಿರ್ಣಯ ಕೈಗೊಂಡಾಗ, ಅದಕ್ಕೆ ಉತ್ತರವಾಗಿ ಅವರು ಬರೆದು ಓದಿದ ಗದ್ಯ ಅವರ ಹಾಡುಗಳಿಗಿಂತ ಹೆಚ್ಚು ಪ್ರಸಿದ್ಧವಾಯಿತು. 1988ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಅವರ ಸಮುದಾಯವೇ ಲಿಬಿಯಾದಿಂದ ಅಳಿಸಿಹೋಯಿತು. 1940ರ ದಶಕದಲ್ಲಿ ಸುಮಾರು 38,000 ಯಹೂದಿಗಳಿದ್ದ ದೇಶವದು. ಬಹುಪಾಲು ಜನ 1949ರಿಂದ 1951ರ ನಡುವೆ ಇಸ್ರೇಲಿಗೆ ಹೋದರು. 1967ರ ಗಲಭೆಗಳ ನಂತರ ಉಳಿದವರನ್ನು ಇಟಲಿಗೆ ಸಾಗಿಸಲಾಯಿತು. 1970ರಲ್ಲಿ ಗಡಾಫಿ ಇಟಾಲಿಯನ್ನರ ಆಸ್ತಿ ಮುಟ್ಟುಗೋಲು ಹಾಕಿಕೊಂಡು ಸುಮಾರು 20,000 ಜನರನ್ನು ಹೊರಹಾಕಿದರು. ವಸಾಹತುಶಾಹಿಯ ಕ್ರೌರ್ಯವನ್ನು ಉಂಡ ದೇಶಕ್ಕೆ ಆ ಕೋಪ ಸಹಜವಾಗಿತ್ತು. ಆದರೆ ಅದರ ಪರಿಣಾಮವಾಗಿ, ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ಟ್ರಿಪೋಲಿ ಎರಡು ದಶಕಗಳಲ್ಲಿ ಇಲ್ಲವಾಯಿತು.

ಒಂದೇ ಗಡಿ, ಎರಡು ಆರ್ಥಿಕ ನೀತಿ

ಇಡೀ ವಿಷಯದ ತಿರುಳು ಇರುವುದು 1970ರ ದಶಕದ ಕೊನೆಯಲ್ಲಿ. 1969ರ ಸೆಪ್ಟೆಂಬರ್ 1ರಂದು ಗಡಾಫಿ ಅಧಿಕಾರ ಹಿಡಿದರು. 1973ರಲ್ಲಿ 'ಸಾಂಸ್ಕೃತಿಕ ಕ್ರಾಂತಿ' ಘೋಷಿಸಿದರು. ದಶಕದ ಕೊನೆಯ ಹೊತ್ತಿಗೆ ಖಾಸಗಿ ವ್ಯಾಪಾರವನ್ನೇ ಕಿತ್ತುಹಾಕುವ ಕೆಲಸ ಶುರುವಾಯಿತು. ಅಂಗಡಿಗಳು ಮುಚ್ಚಿದವು, ಅವುಗಳ ಜಾಗದಲ್ಲಿ ಸರ್ಕಾರಿ ಮಳಿಗೆಗಳು ಬಂದವು. ಧ್ವನಿಮುದ್ರಣ, ಪ್ರಸಾರ, ವೇದಿಕೆ ಎಲ್ಲವೂ ಸರ್ಕಾರದ ಮರ್ಜಿಗೆ ಸಿಕ್ಕವು. 1980ರ ದಶಕದ ಮಧ್ಯದಲ್ಲಿ ಪಾಶ್ಚಾತ್ಯ ವಾದ್ಯಗಳನ್ನು ಟ್ರಿಪೋಲಿಯ ಚೌಕದಲ್ಲಿ ರಾಶಿ ಹಾಕಿ ಸುಟ್ಟರು.

ಖ್ಯಾತಿಯೇ ಅಪಾಯವಾಗಿದ್ದ ಕಾಲವದು. ಫುಟ್ಬಾಲ್ ಪಂದ್ಯದ ವೀಕ್ಷಕ ವಿವರಣೆಯಲ್ಲಿ ಆಟಗಾರರ ಹೆಸರು ಹೇಳುವಂತಿರಲಿಲ್ಲ, ಅಂಗಿಯ ಸಂಖ್ಯೆ ಮಾತ್ರ ಹೇಳಬೇಕಿತ್ತು. ನಾಯಕನ ಹೆಸರೊಂದೇ ಜನರ ಬಾಯಲ್ಲಿರಬೇಕು ಎನ್ನುವ ವ್ಯವಸ್ಥೆಯಲ್ಲಿ ಗಾಯಕನೊಬ್ಬ ತಾರೆಯಾಗುವುದಾದರೂ ಹೇಗೆ?

ಗಡಿಯಾಚೆಯ ಈಜಿಪ್ಟ್‌ನಲ್ಲಿ ಅದೇ ಹೊತ್ತಿಗೆ ತದ್ವಿರುದ್ಧ ಬದಲಾವಣೆ ನಡೆಯುತ್ತಿತ್ತು. ಅಧ್ಯಕ್ಷ ಸಾದಾತ್ 1974ರಿಂದ ಖಾಸಗಿ ಬಂಡವಾಳಕ್ಕೆ ಬಾಗಿಲು ತೆರೆದಿದ್ದರು. ಕ್ಯಾಸೆಟ್ ಅಗ್ಗವಾಯಿತು. ಸರ್ಕಾರಿ ರೇಡಿಯೊದ ಆಯ್ಕೆ ಸಮಿತಿ ಒಪ್ಪದ ಹಾಡನ್ನೂ ಸಣ್ಣ ಕಂಪನಿಯೊಂದು ಮುದ್ರಿಸಿ, ಟ್ಯಾಕ್ಸಿ ಚಾಲಕರ ಮೂಲಕ ಊರೆಲ್ಲ ಕೇಳಿಸಬಹುದಿತ್ತು. ಒಂದು ದೇಶ ಸಂಗೀತದ ಅಂಗಡಿಯನ್ನು ಮುಚ್ಚಿತು, ಪಕ್ಕದ ದೇಶ ತೆರೆಯಿತು. ಮೇಧಾವಿಗಳು ಯಾವ ಕಡೆಗೆ ನಡೆದರೆಂದು ಊಹಿಸುವುದು ಕಷ್ಟವಲ್ಲ.

1961ರಲ್ಲಿ ಬೆಂಘಾಜಿಯಲ್ಲಿ ಹುಟ್ಟಿದ ಹಮೀದ್ ಹಾಗೆ ನಡೆದವರಲ್ಲಿ ಮುಖ್ಯರು. ತಂದೆ ಲಿಬಿಯಾದವರು, ತಾಯಿ ಈಜಿಪ್ಟ್‌ನವರು. 1983ರಲ್ಲಿ ಕೈರೋದ ಸ್ಲ್ಯಾಮ್ ಕಂಪನಿ ಅವರ ಮೊದಲ ಆಲ್ಬಮ್ ತಂದಿತು. ಸಿಂಥಸೈಸರ್, ಡ್ರಮ್ ಯಂತ್ರ, ನಡುವೆ ಮರುಭೂಮಿಯ ಮದುವೆಗಳನ್ನು ನೆನಪಿಸುವ ಚಪ್ಪಾಳೆಯ ಲಯ. ಇಪ್ಪತ್ತು ನಿಮಿಷದ ಗಂಭೀರ ಹಾಡುಗಳಿಗೆ ಒಗ್ಗಿದ್ದ ಈಜಿಪ್ಟ್‌ನ ಹಿರಿಯರಿಗೆ ಇದು ಅಪಚಾರವೆನಿಸಿತು. ಯುವಕರು ಹುಚ್ಚೆದ್ದು ಕೇಳಿದರು. ಅಲ್-ಜೀಲ್ ಎಂದು ಕರೆಸಿಕೊಂಡ ಈ ಪಾಪ್ ಶೈಲಿಗೆ 1988ರಲ್ಲಿ ಅಲಿ ಹುಮೈದಾ ಹಾಡಿದ 'ಲೊಲಾಕಿ' ದೊಡ್ಡ ಗೆಲುವು ತಂದಿತು. ಅದರ ವಾದ್ಯಸಂಯೋಜನೆ ಹಮೀದ್ ಅವರದು. ಹೊರಗಿನಿಂದ ಬಂದವರ ಈ ಏಳಿಗೆಯನ್ನು ಅಲ್ಲಿನ ಸಂಗೀತಗಾರರ ಸಂಘ ಸುಮ್ಮನೆ ನೋಡಲಿಲ್ಲ. 1990ರ ದಶಕದ ಆರಂಭದಲ್ಲಿ ಅವರು ಸಂಘದ ನಿಷೇಧವನ್ನು ಎದುರಿಸಬೇಕಾಯಿತು. ಹಾಡಲು ಬಿಡದಿದ್ದಾಗ ಬೇರೆಯವರಿಗಾಗಿ ಹಾಡುಗಳನ್ನು ಕಟ್ಟಿದರು.

ಹಾಗೆ ಕಟ್ಟಿದ ಹಾಡುಗಳಲ್ಲೊಂದು 1996ರ 'ನೂರ್ ಅಲ್-ಐನ್'. 'ಹಬೀಬಿ ಯಾ ನೂರ್ ಅಲ್-ಐನ್' ಎಂಬ ಅದರ ಪಲ್ಲವಿ ನಮ್ಮಲ್ಲೂ ಹಲವರ ಕಿವಿಗೆ ಬಿದ್ದಿರುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದ ಮಂಗಳೂರು, ಉಡುಪಿ, ಭಟ್ಕಳದವರಿಗಂತೂ ಅದನ್ನು ಪರಿಚಯಿಸಬೇಕಿಲ್ಲ. ಹಾಡಿದವರು ಈಜಿಪ್ಟ್‌ನ ಅಮ್ರ್ ದಿಯಾಬ್. ಜಗತ್ತು ನೆನಪಿಟ್ಟುಕೊಂಡದ್ದೂ ಅವರನ್ನೇ. ಆ ಹಾಡಿನ ರಾಗ ಸಂಯೋಜಿಸಿದವರು ಟ್ರಿಪೋಲಿಯ ನಾಸಿರ್ ಅಲ್ ಮಿಜ್ದಾವಿ, ವಾದ್ಯಸಂಯೋಜನೆ ಮಾಡಿದವರು ಬೆಂಘಾಜಿಯ ಹಮೀದ್. ಅರಬ್ ಪಾಪ್ ಸಂಗೀತವನ್ನು ವಿಶ್ವದ ಮುಂದೆ ನಿಲ್ಲಿಸಿದ ಹಾಡಿನ ಅಸ್ಥಿಪಂಜರವೇ ಲಿಬಿಯನ್ನರದು. ಸಿನಿಮಾ ಹಾಡು ಕೇಳಿದೊಡನೆ ಗಾಯಕನ ಜೊತೆಗೆ ಸಂಗೀತ ನಿರ್ದೇಶಕನ ಹೆಸರನ್ನೂ ಹೇಳುವ ಅಭ್ಯಾಸ ನಮ್ಮಲ್ಲಿದೆ. ಅದೇ ಅಭ್ಯಾಸ ಇಲ್ಲೂ ಇದ್ದಿದ್ದರೆ ಲಿಬಿಯಾದ ಸ್ಥಾನ ಎಂದೋ ತಿಳಿಯುತ್ತಿತ್ತು.

ಅಹ್ಮದ್ ಫಕ್ರೂನ್ ಹಿಡಿದದ್ದು ಯುರೋಪಿನ ದಾರಿ. 1953ರಲ್ಲಿ ಹುಟ್ಟಿದ ಅವರು 1970ರ ದಶಕದಲ್ಲಿ ಬ್ರಿಟನ್ನಿಗೆ ಹೋದರು. 1983ರಲ್ಲಿ ಫ್ರಾನ್ಸ್‌ನಲ್ಲಿ 'ಮೊ ದಾಮೂರ್' ಆಲ್ಬಮ್ ಹೊರಬಂತು. ಅಲ್ಜೀರಿಯಾದ ರೈ ಸಂಗೀತ ಪ್ಯಾರಿಸ್ಸಿನಲ್ಲಿ ಮನೆಮಾತಾಗುವ ಮೊದಲೇ ಅರಬ್ಬಿ ರಾಗವನ್ನು ಸಿಂಥ್ ಪಾಪ್ ಜೊತೆ ಬೆಸೆದವರು ಅವರು. ಆದರೆ ಅಲ್ಜೀರಿಯನ್ನರಿಗೆ ಫ್ರಾನ್ಸ್‌ನಲ್ಲಿ ಲಕ್ಷಾಂತರ ವಲಸಿಗರ ಬೆಂಬಲವಿತ್ತು. ಫಕ್ರೂನ್ ಅವರ ಹಿಂದೆ ಅಂಥ ಸಮುದಾಯ ಇರಲಿಲ್ಲ. ಅವರಿಗೆ ಸಲ್ಲಬೇಕಾದ ಮನ್ನಣೆ ಬಹಳ ತಡವಾಗಿ, ಹಳೆಯ ಗ್ರಾಮಫೋನ್ ತಟ್ಟೆ ಸಂಗ್ರಹಿಸುವವರ ಮೂಲಕ ಬಂತು.

ದೇಶದಲ್ಲೇ ಉಳಿದವರು

ಇದನ್ನೆಲ್ಲ ಓದಿದವರು ಲಿಬಿಯಾದ ಒಳಗೆ ಸಂಗೀತವೇ ನಿಂತಿತ್ತು ಎಂದುಕೊಳ್ಳಬಾರದು. ಹಸನ್ ಅರೈಬಿ 1960ರ ದಶಕದಿಂದ ಮಾಲೂಫ್ ಎಂಬ ಆಂದಲೂಸಿಯನ್ (ಮುಸ್ಲಿಂ ಆಳ್ವಿಕೆಯ ಸ್ಪೇನ್) ಮೂಲದ ಶಾಸ್ತ್ರೀಯ ಪರಂಪರೆಯನ್ನು ಜತನದಿಂದ ಕಾಪಾಡಿದರು. ಮದುವೆ ಮನೆಗಳಲ್ಲಿ ಜಮ್ಜಮಾತ್ ಎನ್ನುವ ಹೆಂಗಸರ ತಂಡಗಳು ಹಾಡುತ್ತಲೇ ಇದ್ದವು. ಆ ಹಾಡುಗಾರ್ತಿಯರ ಹೆಸರುಗಳು ಯಾವ ಕ್ಯಾಸೆಟ್ಟಿನ ಮೇಲೂ ಅಷ್ಟಾಗಿ ಮೂಡಲಿಲ್ಲ ಎಂಬುದು ಬೇರೆಯೇ ಅನ್ಯಾಯ. ಇಬ್ರಾಹಿಂ ಹೆಸ್ನಾವಿ ಮತ್ತು ಅವರ ಸಂಗಡಿಗರು ರೆಗೆಯನ್ನು ಲಿಬಿಯಾದ ಅರಬ್ಬಿಗೆ ಒಗ್ಗಿಸಿದರು. ತಮ್ಮ ಜನಪದ ಲಯಕ್ಕೂ ಜಮೈಕಾದ ಲಯಕ್ಕೂ ಹತ್ತಿರದ ಹೋಲಿಕೆಯಿದೆ ಎನ್ನುವುದು ಅಲ್ಲಿನ ಸಂಗೀತಗಾರರ ಮಾತು.

ದೇಶದೊಳಗೇ ಉಳಿದು ಮಹಾತಾರೆಯಾದವರು ಮುಹಮ್ಮದ್ ಹಸನ್. 1944ರಲ್ಲಿ ಖುಮ್ಸ್ ಪಟ್ಟಣದಲ್ಲಿ ಹುಟ್ಟಿದ ಅವರು ಮರುಭೂಮಿಯ ಅಲೆಮಾರಿಗಳಾದ ಬೆದೂಯಿನರ ಧಾಟಿಯ ಹಾಡುಗಳಿಂದ ಇಡೀ ಅರಬ್ ಜಗತ್ತಿನ ಮೆಚ್ಚುಗೆ ಗಳಿಸಿದರು. ಆದರೆ ಆಡಳಿತದ ಸ್ತುತಿಗೀತೆಗಳೂ ಅವರ ಕಂಠದಿಂದಲೇ ಬಂದವು. ದೇಶದೊಳಗೆ ದೊಡ್ಡವರಾಗಲು ಇದ್ದ ಬಾಗಿಲು ಅದೊಂದೇ ಆಗಿತ್ತು. 2011ರ ದಂಗೆಯಲ್ಲಿ ಗಡಾಫಿ ಬಿದ್ದ ಮೇಲೆ ಆ ಬಾಗಿಲೇ ಅವರಿಗೆ ಕಳಂಕವಾಯಿತು. 2017ರ ಡಿಸೆಂಬರ್‌ನಲ್ಲಿ ಅವರು ಟುನೀಸಿಯಾದಲ್ಲಿ ಕೊನೆಯುಸಿರೆಳೆದರು.

ಕೈರೋಗೆ ಹೋಗದವರು ಯಾರು?

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಸಿರಿಯಾದ ಫರೀದ್ ಅಲ್ ಅತ್ರಶ್, ಅಲ್ಜೀರಿಯಾ ಮೂಲದ ವರ್ದಾ, ಟುನೀಸಿಯಾದ ಲತೀಫಾ ಮತ್ತು ಜಿಕ್ರಾ ಎಲ್ಲರೂ ಕೈರೋಗೆ ಹೋದವರೇ. ಇಂದಿಗೂ ಸುಮಾರು 70 ಲಕ್ಷ ಜನಸಂಖ್ಯೆಯ ಲಿಬಿಯಾದ ಸಣ್ಣ ಮಾರುಕಟ್ಟೆ ಯಾವ ಗಾಯಕನನ್ನೂ ಸಾಕಲಾರದು. ಗಡಾಫಿ ಇರಲಿ ಇಲ್ಲದಿರಲಿ, ಇವರೆಲ್ಲ ಹೊರಡುತ್ತಿದ್ದರು ಎಂಬುದು ಆ ವಾದ.

ವಾದದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಹೊರಗೆ ಹೋದ ಟುನೀಸಿಯಾದ ಗಾಯಕಿ ಬೇಸಿಗೆಯಲ್ಲಿ ಕಾರ್ತೇಜ್ ಉತ್ಸವಕ್ಕೆ ಮರಳಿ ತನ್ನವರ ಮುಂದೆ ಹಾಡುತ್ತಾಳೆ. ಆ ಉತ್ಸವ 1964ರಿಂದ ನಡೆಯುತ್ತಿದೆ. ಲೆಬನಾನ್‌ಗೆ ಬಾಲ್ಬೆಕ್ ಇದೆ, ಜೋರ್ಡಾನ್‌ಗೆ ಜೆರಾಶ್ ಇದೆ. ಹೋದವರು ಮರಳಿ ಬಂದು ನಿಲ್ಲಲು ಲಿಬಿಯಾದಲ್ಲಿ ಅಂಥ ವೇದಿಕೆ ಬೆಳೆಯಲಿಲ್ಲ. ಲಿಬಿಯನ್ನರ ಮೇಲೆ ಆರೋಪ ಬಂದ ಲಾಕರ್ಬಿ ವಿಮಾನ ಸ್ಫೋಟದ ಕಾರಣಕ್ಕೆ ವಿಶ್ವಸಂಸ್ಥೆ 1992ರಲ್ಲಿ ಹೇರಿದ ನಿರ್ಬಂಧದಿಂದ ವಿಮಾನ ಸಂಚಾರವೇ ನಿಂತುಹೋಗಿ, ಟುನೀಸಿಯಾ ಅಥವಾ ಈಜಿಪ್ಟ್ ಗಡಿಗೆ ರಸ್ತೆಯಲ್ಲಿ ಹೋಗಿಬರಬೇಕಾಯಿತು. ಬೇರೆ ದೇಶಗಳ ಗಾಯಕರು ಹೊರಗೆ ಹೋಗಿ ದೇಶದ ಹೆಸರು ಹೊತ್ತು ತಂದರು. ಲಿಬಿಯನ್ನರ ಮಟ್ಟಿಗೆ ಹೊರಗೆ ಹೋಗುವುದೆಂದರೆ ದೇಶದ ಹೆಸರು ಕಳಚಿಕೊಳ್ಳುವುದಾಯಿತು.

2004ರ ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ನಿರ್ಬಂಧ ತೆರವಾಗಿ, ಅಣ್ವಸ್ತ್ರ ಯೋಜನೆ ಕೈಬಿಟ್ಟು ಲಿಬಿಯಾ ಹೊರಜಗತ್ತಿಗೆ ಮರಳುತ್ತಿದ್ದ ಹೊತ್ತದು. ಬೈರೂತ್‌ನ ಫ್ಯೂಚರ್ ಟಿವಿಯ 'ಸೂಪರ್ ಸ್ಟಾರ್' ಸ್ಪರ್ಧೆಯ ಎರಡನೇ ಆವೃತ್ತಿಯ ಅಂತಿಮ ಸುತ್ತಿನಲ್ಲಿ ಅಯ್ಮನ್ ಅಲ್ ಅತ್ತಾರ್ ಪ್ಯಾಲೆಸ್ಟೀನಿನ ಅಮ್ಮಾರ್ ಹಸನ್ ಅವರನ್ನು ಸೋಲಿಸಿದರು. ವೀಕ್ಷಕರ ಮತಗಳಿಂದ ನಿರ್ಧಾರವಾದ ಗೆಲುವು ಅದು. ಅವಕಾಶ ಕೊಟ್ಟರೆ ಲಿಬಿಯನ್ನರು ತಮ್ಮ ಗಾಯಕನನ್ನು ಎಷ್ಟು ಪ್ರೀತಿಸಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ಆ ಪ್ರೀತಿಯನ್ನು ಮುಂದಿನ ಆಲ್ಬಮ್, ಮುಂದಿನ ಪ್ರವಾಸಗಳಾಗಿ ಬೆಳೆಸುವ ವ್ಯವಸ್ಥೆ ಮಾತ್ರ ದೇಶದಲ್ಲಿ ಇರಲಿಲ್ಲ.

2011ರ ನಂತರ ಬಾಗಿಲು ತೆರೆಯಿತೇ?

ಕೆಲಕಾಲ ತೆರೆಯಿತು. ಇಬ್ನ್ ಥಾಬಿತ್ ಎಂಬ ಹೆಸರಿನ ರಾಪರ್ ಹಾಡಿದ ಗಡಾಫಿ ವಿರೋಧಿ ಗೀತೆಗಳು ದಂಗೆಯ ದಿನಗಳಲ್ಲಿ ಯುವಕರ ಮೊಬೈಲ್‌ಗಳಲ್ಲಿ ಹರಿದಾಡಿದವು. ಆದಿಲ್ ಅಲ್ ಮುಷೈತಿ ಅವರ 'ಸೌಫ ನಬ್ಕಾ ಹುನಾ' ಆ ಕಾಲದ ಕೂಗೇ ಆಯಿತು. 2023ರಲ್ಲಿ ಗಾಜಾದ ವೈದ್ಯಕೀಯ ಸಿಬ್ಬಂದಿ ಬಾಂಬ್ ದಾಳಿಯ ನಡುವೆ ಹಾಡಿದ್ದು ಅದೇ ಗೀತೆಯನ್ನು.

ಅನಂತರ ದೇಶ ಒಡೆಯಿತು. ಪಶ್ಚಿಮದಲ್ಲಿ ಟ್ರಿಪೋಲಿ ಸರ್ಕಾರ, ಪೂರ್ವದಲ್ಲಿ ಸೇನಾನಾಯಕ ಖಲೀಫಾ ಹಫ್ತಾರ್ ಸೇನೆಯ ಹಿಡಿತ. ರಾಜಕೀಯದಲ್ಲಿ ಪರಸ್ಪರ ವೈರಿಗಳಾದರೂ ಕಲಾವಿದರನ್ನು ಅನುಮಾನದಿಂದ ನೋಡುವುದರಲ್ಲಿ ಇಬ್ಬರೂ ಒಂದೇ. 2017ರ ನವೆಂಬರ್‌ನಲ್ಲಿ ಟ್ರಿಪೋಲಿಯ ಸಶಸ್ತ್ರ ಪಡೆಯೊಂದು ಕಾಮಿಕ್ ಉತ್ಸವವನ್ನು ನಿಲ್ಲಿಸಿ ಸಂಘಟಕರನ್ನು ಬಂಧಿಸಿತು. 2023ರ ಫೆಬ್ರುವರಿಯಲ್ಲಿ ಬೆಂಘಾಜಿಯಲ್ಲಿ ಗಾಯಕಿಯೊಬ್ಬರನ್ನೂ ಇನ್ನೊಬ್ಬ ಯುವತಿಯನ್ನೂ ಸಾರ್ವಜನಿಕ ನೈತಿಕತೆಯ ಹೆಸರಿನಲ್ಲಿ ಬಂಧಿಸಲಾಯಿತು. ಅದಕ್ಕೆ ಮೊದಲೇ, 2022ರ ಸೈಬರ್ ಅಪರಾಧ ಕಾಯ್ದೆ 'ಸಾರ್ವಜನಿಕ ನೈತಿಕತೆ'ಗೆ ಧಕ್ಕೆ ತರುವ ಬರಹ, ವಿಡಿಯೊಗಳನ್ನು ಅಪರಾಧದ ಪಟ್ಟಿಗೆ ಸೇರಿಸಿಯಾಗಿತ್ತು. ಧಕ್ಕೆ ಎಂದರೇನು ಎಂಬುದನ್ನು ಬಂಧಿಸುವವರೇ ತೀರ್ಮಾನಿಸುತ್ತಾರೆ.

ನೈತಿಕ ಪೊಲೀಸ್: ಎರಡು ಕಡೆಯ ಮಾತು

ಸಚಿವರ ಬೆಂಬಲಿಗರ ವಾದವನ್ನು ತಳ್ಳಿಹಾಕುವ ಮುನ್ನ ಕೇಳಬೇಕು. ಹದಿಮೂರು ವರ್ಷಗಳ ಅರಾಜಕತೆಯಲ್ಲಿ ಬಂದೂಕು, ಮಾದಕವಸ್ತು, ಕಳ್ಳಸಾಗಣೆ ಬೆಳೆದಿವೆ, ಕುಟುಂಬಗಳು ಭಯದಲ್ಲಿವೆ, ಸಂಪ್ರದಾಯಸ್ಥ ಮುಸ್ಲಿಂ ಸಮಾಜಕ್ಕೆ ತನ್ನ ರೀತಿನೀತಿ ಉಳಿಸಿಕೊಳ್ಳುವ ಹಕ್ಕಿದೆ ಎನ್ನುತ್ತಾರೆ. ಭಯ ನಿಜ. ಆದರೆ ಆ ಭಯ ತಂದವರು ಸಶಸ್ತ್ರ ಗುಂಪುಗಳೇ ಹೊರತು ಹಾಡುವವರಲ್ಲ.

ವಿರೋಧಿಗಳದು ಮೊದಲನೆಯದಾಗಿ ಕಾನೂನಿನ ಪ್ರಶ್ನೆ. ಸಂಸತ್ತಿನ ಕಾಯ್ದೆಯಿಲ್ಲದೆ ಸಚಿವರೊಬ್ಬರು ಪತ್ರಿಕಾಗೋಷ್ಠಿಯಲ್ಲಿ ಹೊಸ ಅಪರಾಧಗಳನ್ನು ಸೃಷ್ಟಿಸಲಾಗದು. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಈ ಘೋಷಣೆಯನ್ನು ಖಂಡಿಸಿತು. ವೈಯಕ್ತಿಕ ಸ್ವಾತಂತ್ರ್ಯ ಬೇಕೆನ್ನುವವರು ಯುರೋಪಿಗೆ ಹೋಗಲಿ ಎಂಬ ಸಚಿವರ ಮಾತು ಹೆಚ್ಚು ನೋವು ಕೊಟ್ಟಿತು. ಲಿಬಿಯಾದ ಸಂಗೀತದ ಚರಿತ್ರೆ ಬಲ್ಲವರಿಗೆ ಆ ಮಾತು ಸಲಹೆಯಂತೆ ಕೇಳಿಸಲಿಲ್ಲ. ಹೋಗಿ ಎಂದು ಹೇಳದೆಯೂ ಆ ದೇಶ ತನ್ನ ಗಾಯಕರನ್ನು ಕಳೆದುಕೊಂಡಿತ್ತು. ಈಗ ಬಾಯಿಬಿಟ್ಟು ಹೇಳಲಾಗುತ್ತಿದೆ.

ಅಂದಿಗೂ ಇಂದಿಗೂ ವ್ಯತ್ಯಾಸವಿದೆ. ಫಕ್ರೂನ್ ತಲೆಮಾರಿಗೆ ಲಂಡನ್, ಪ್ಯಾರಿಸ್‌ಗಳ ವೀಸಾ ಸಿಗುತ್ತಿತ್ತು. ಇಂದಿನ ಇಪ್ಪತ್ತರ ಲಿಬಿಯನ್ ಯುವಕನಿಗೆ ಯುರೋಪಿನ ಬಾಗಿಲು ಬಹುತೇಕ ಮುಚ್ಚಿದೆ. ಹೀಗಾಗಿ ನಿರ್ಬಂಧ ಬಿಗಿಯಾದರೆ ಹೊಸ ಹಮೀದ್ ಹೊರಗೆ ಹೋಗಿ ಬೆಳೆಯುವ ಬದಲು ಒಳಗೇ ಮೌನವಾಗುವ ಸಾಧ್ಯತೆ ಹೆಚ್ಚು. ಹೆಣ್ಣುಮಕ್ಕಳಿಗೆ ಇದು ಇನ್ನೂ ಕಠಿಣ. ಪುರುಷ ಬಂಧುವಿಲ್ಲದೆ ಪ್ರಯಾಣಿಸುವುದನ್ನೂ ತಡೆಯಬೇಕೆನ್ನುವ ಮಾತು ಅದೇ ಘೋಷಣೆಯ ಭಾಗ.

ಹಾಡು ಯಾರದು, ಹಣ ಯಾರಿಗೆ?

ಬರ್ಲಿನ್‌ನ ಮರುಬಿಡುಗಡೆಗಳ ಬಗ್ಗೆಯೂ ಎರಡು ಅಭಿಪ್ರಾಯಗಳಿವೆ. ಯುರೋಪಿನ ಕಂಪನಿ ಆಫ್ರಿಕಾದ ಸಂಪತ್ತನ್ನು ಮತ್ತೊಮ್ಮೆ ಮಾರಿಕೊಳ್ಳುತ್ತಿದೆ ಎಂಬುದು ಒಂದು. ಕಲಾವಿದರೊಂದಿಗೆ ಅಥವಾ ಅವರ ವಾರಸುದಾರರೊಂದಿಗೆ ಒಪ್ಪಂದ ಮಾಡಿಕೊಂಡು ಲಾಭವನ್ನು ಅರ್ಧರ್ಧ ಹಂಚಿಕೊಳ್ಳುತ್ತೇವೆ ಎಂಬುದು ಸಂಸ್ಥೆಯ ಉತ್ತರ. ಅರ್ಧ ಪಾಲು ಈ ಉದ್ಯಮದಲ್ಲಿ ಕಡಿಮೆಯೇನಲ್ಲ. ನನ್ನ ಆಕ್ಷೇಪ ಬರ್ಲಿನ್ ಮೇಲಲ್ಲ, ಟ್ರಿಪೋಲಿಯ ಮೇಲೆ. ಲಿಬಿಯಾದಲ್ಲಿ 1968ರಿಂದ ಕೃತಿಸ್ವಾಮ್ಯ ಕಾಯ್ದೆಯಿದೆ. ಕಾಯ್ದೆ ಇದ್ದೂ ರಾಗ ಸಂಯೋಜಕನ ಪರವಾಗಿ ಬೇರೆ ದೇಶಗಳಲ್ಲಿ ಗೌರವಧನ ವಸೂಲಿ ಮಾಡಿ ತಂದುಕೊಡುವ ಬಲವಾದ ಸಂಸ್ಥೆ ಬೆಳೆಯಲಿಲ್ಲ. ಒಂದು ಹಾಡು ಕೈರೋದಲ್ಲಿ ನೋಂದಣಿಯಾದರೆ ಅದರ ಆದಾಯ, ಹೆಸರು ಎರಡೂ ಕೈರೋದಲ್ಲೇ ಉಳಿಯುತ್ತವೆ.

2021ರಲ್ಲಿ ಸ್ಪಾಟಿಫೈ ಲಿಬಿಯಾಕ್ಕೂ ಬಂದಿದೆ. ಕೇಳುಗರಿದ್ದಾರೆ, ಹಾಡುವವರಿದ್ದಾರೆ, ನಡುವೆ ಹಣ ಮತ್ತು ಹಕ್ಕಿನ ಕೊಂಡಿ ಬೇಕು. ಆ ಕೊಂಡಿಯನ್ನು ಕಟ್ಟಬೇಕಾದ ಸರ್ಕಾರ ಪೊಲೀಸರ ಗಸ್ತಿನ ಬಗ್ಗೆ ಮಾತಾಡುತ್ತಿದೆ. ಕಲಾವಿದರು ಟುನಿಸ್, ಕೈರೋ, ಇಸ್ತಾಂಬುಲ್‌ಗಳ ಸ್ಟುಡಿಯೊಗಳಲ್ಲಿ ಹಾಡು ಮುದ್ರಿಸಿದರೆ ಅದರ ಹಕ್ಕುಗಳೂ ಅಲ್ಲಿನ ಕಂಪನಿಗಳ ಪಾಲಾಗುತ್ತವೆ. ಮೂವತ್ತು ವರ್ಷಗಳ ನಂತರ ಅವನ್ನು ಮರಳಿ ಪಡೆಯಲು ಲಿಬಿಯಾ ಮತ್ತೆ ಬೇರೆ ದೇಶದ ಕಂಪನಿಗಳ ಅನುಮತಿ ಕೇಳಬೇಕಾಗುತ್ತದೆ.